ಭಯಕ್ಕೆ ವಾರೆಂಟ್ ಸಿಕ್ಕ ವರ್ಷ: ಸೇಲಂ, 1692

1690ರ ಸೆಪ್ಟೆಂಬರ್ 25ರಂದು ಅಮೆರಿಕದ ಬಾಸ್ಟನ್ ಪಟ್ಟಣದಲ್ಲಿ ಒಂದು ಪತ್ರಿಕೆ ಹೊರಬಂತು. ಆ ನೆಲದ ಮೊದಲ ಸುದ್ದಿಪತ್ರಿಕೆ ಎಂದು ಅದನ್ನು ಗುರುತಿಸುತ್ತಾರೆ. ಹೆಸರು ‘ಪಬ್ಲಿಕ್ ಅಕರೆನ್ಸಸ್’. ತಂದವನು ಬೆಂಜಮಿನ್ ಹ್ಯಾರಿಸ್. ಒಟ್ಟು ನಾಲ್ಕು ಪುಟ. ಮೂರು ಪುಟ ಅಚ್ಚು, ನಾಲ್ಕನೆಯದು ಪೂರ್ತಿ ಖಾಲಿ. ಓದಿದವರು ತಮ್ಮ ಊರಿನ ಸುದ್ದಿಯನ್ನು ಆ ಪುಟದಲ್ಲಿ ಕೈಯಲ್ಲಿ ಬರೆದು ಮುಂದಿನವರಿಗೆ ದಾಟಿಸಲಿ ಎಂದು ಬಿಟ್ಟಿದ್ದಂತೆ. ನಮ್ಮ ಫಾರ್ವರ್ಡ್ ಮೆಸೇಜಿನ ಮುತ್ತಜ್ಜ ಅನ್ನಿ.

ಸುಳ್ಳು ಸುದ್ದಿ ಹುಟ್ಟಿಸುವವರ ಹೆಸರನ್ನು ಬಯಲಿಗೆ ತರುತ್ತೇವೆ ಎಂದು ಹ್ಯಾರಿಸ್ ಮೊದಲ ಸಂಚಿಕೆಯಲ್ಲೇ ಮಾತು ಕೊಟ್ಟಿದ್ದ. ಎರಡನೇ ಸಂಚಿಕೆ ಬರಲೇ ಇಲ್ಲ. ನಾಲ್ಕೇ ದಿನಕ್ಕೆ ಗವರ್ನರ್ ಮತ್ತು ಕೌನ್ಸಿಲ್‌ನಿಂದ ಆದೇಶ ಬಂತು: ಲೈಸೆನ್ಸ್ ಇಲ್ಲ, ನಿಲ್ಲಿಸಿ.

ನಿಲ್ಲಿಸಿದವರು ಯಾರು ನೋಡಿ. ಹದಿನೇಳು ತಿಂಗಳ ಹಿಂದಷ್ಟೇ, ಇಂಗ್ಲೆಂಡಿನ ದೊರೆ ನೇಮಿಸಿದ್ದ ಗವರ್ನರನ ವಿರುದ್ಧ ದಂಗೆ ಎದ್ದು, ಅವನನ್ನೇ ಸೆರೆಗೆ ಹಾಕಿ ಅಧಿಕಾರ ಹಿಡಿದಿದ್ದ ಜನ. ಪತ್ರಿಕೆ ನಿಂತು ಇನ್ನೊಂದು ಹದಿನೇಳು ತಿಂಗಳಿಗೆ ಅದೇ ವಸಾಹತಿನ ಸೇಲಂ ಎಂಬಲ್ಲಿ ಮಾಟಗಾತಿಯರ ಬೇಟೆ ಶುರುವಾಯಿತು. (ತಮಿಳುನಾಡಿನ ಸೇಲಂ ಅಲ್ಲ. ಹೆಸರು ಒಂದೇ, ಅಷ್ಟೆ.) ಹತ್ತೊಂಬತ್ತು ಜನರನ್ನು ನೇಣಿಗೆ ಹಾಕಿದರು. ಒಬ್ಬ ಮುದುಕನನ್ನು ಕಲ್ಲು ಹೇರಿ ಸಾಯಿಸಿದರು. ಕನಿಷ್ಠ ಐದು ಜನ ಜೈಲಿನಲ್ಲಿ ಸತ್ತರು. ಆ ಇಡೀ ವರ್ಷ ಬಾಸ್ಟನ್‌ನಲ್ಲಿ ಒಂದೇ ಒಂದು ಪತ್ರಿಕೆ ಇರಲಿಲ್ಲ.

ಮುನ್ನೂರು ವರ್ಷ ಹಳೆಯ, ಏಳು ಸಮುದ್ರದಾಚೆಯ ಕಥೆ ನಮಗೇಕೆ ಅಂತ ನೀವು ಕೇಳಬಹುದು. ನಮ್ಮದೊಂದು ತಪ್ಪು ಇದೆ, ಅದನ್ನು ಮೊದಲು ಹೇಳಿಬಿಡುತ್ತೇವೆ.

2018ರಲ್ಲಿ ಮಕ್ಕಳ ಕಳ್ಳರ ಗಾಳಿಸುದ್ದಿ ರಾಜ್ಯದ ತುಂಬ ಹಬ್ಬಿದ್ದು ನಿಮಗೆ ನೆನಪಿರುತ್ತದೆ. ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದ ಯುವಕನೊಬ್ಬನನ್ನು ಜನ ಹೊಡೆದು ಕೊಂದದ್ದು ಅದೇ ವರ್ಷದ ಜುಲೈನಲ್ಲಿ. ಅದಕ್ಕೂ ಮುಂಚೆ ಒಂದು ಸಂಜೆ ಡೆಸ್ಕಿನಿಂದ ನಮಗೆ ಫೋನ್ ಬಂತು: ‘ನಿಮ್ಮ ಕಡೆ ಏನಾದರೂ ಇದೆಯೇನ್ರಿ? ಎಲ್ಲ ತಾಲ್ಲೂಕಿನಿಂದಲೂ ಬರ್ತಿದೆ.’ ನಾವು ಮೂರು ಸಾಲು ಕಳಿಸಿದೆವು. ತಾಲ್ಲೂಕಿನ ಕೆಲವು ಗ್ರಾಮಗಳಲ್ಲಿ ಮಕ್ಕಳ ಕಳ್ಳರು ಓಡಾಡುತ್ತಿದ್ದಾರೆ ಎನ್ನಲಾಗಿದ್ದು, ಸಾರ್ವಜನಿಕರು ಆತಂಕಗೊಂಡಿದ್ದಾರೆ. ಇಷ್ಟೇ. ಯಾರು ಅಂದರು, ಯಾವ ಗ್ರಾಮ, ಯಾರ ಮಗು, ಒಂದೂ ಇಲ್ಲ. ‘ಎನ್ನಲಾಗಿದೆ’ ಎಂಬ ಪದ ನಮ್ಮ ಕಸುಬಿನಲ್ಲಿ ಕೊಡೆ ಇದ್ದಂತೆ, ಹಿಡಿದರೆ ನಾವು ನೆನೆಯುವುದಿಲ್ಲ.

ಮರುದಿನ ಬೆಳಿಗ್ಗೆ ಆ ಮೂರು ಸಾಲಿನ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಓಡಾಡಿತು. ‘ಪೇಪರ್‌ನಲ್ಲೇ ಬಂದಿದೆ ನೋಡ್ರಿ’ ಅಂತ. ಆವರೆಗೆ ಬಾಯಿಮಾತಾಗಿದ್ದದ್ದು ನಮ್ಮಿಂದ ಪುರಾವೆ ಆಯಿತು. ಎರಡು ದಿನ ಬಿಟ್ಟು ಕಂಬಳಿ ಮಾರಲು ಬಂದ ಒಬ್ಬರನ್ನು ಬಸ್ ನಿಲ್ದಾಣದ ಬೇವಿನ ಮರಕ್ಕೆ ಕಟ್ಟಿಹಾಕಿದ್ದರು. ಪೊಲೀಸರು ಬರುವಷ್ಟರಲ್ಲಿ ಮುಖ ಗುರುತು ಸಿಗುವಂತಿರಲಿಲ್ಲ. ಪುಣ್ಯಕ್ಕೆ ಬದುಕಿದರು.

ಆಮೇಲೆ ಸೇಲಂ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆವು. ಓದುತ್ತ ಓದುತ್ತ ಒಂದು ವಿಷಯ ನಮಗೆ ಗಟ್ಟಿಯಾಯಿತು. ಸೇಲಂ ಎಂದರೆ ಎಲ್ಲರೂ ‘ಮೂಢನಂಬಿಕೆ’ ಎಂದು ಒಂದೇ ಪದದಲ್ಲಿ ಮುಗಿಸುತ್ತಾರೆ. ನಮಗೆ ಅದು ಒಪ್ಪಿಗೆಯಿಲ್ಲ. ಮಾಟ ಮಂತ್ರದ ನಂಬಿಕೆ ಆ ಕಾಲದಲ್ಲಿ ಯುರೋಪಿನ ತುಂಬ ಇತ್ತು. ಬಾಸ್ಟನ್ ಸುತ್ತಮುತ್ತ 1692ಕ್ಕೆ ಮುಂಚೆಯೂ ಇತ್ತು, ಆಮೇಲೂ ಇತ್ತು. ಆ ಒಂದು ವರ್ಷವೇ ಯಾಕೆ ಅಷ್ಟೊಂದು ಹೆಣ ಬಿದ್ದವು? ಆ ವರ್ಷ ಭಯಕ್ಕೆ ಕಾಗದ ಸಿಕ್ಕಿತು. ದೂರು, ವಾರೆಂಟ್, ಪಂಚನಾಮೆ, ತೀರ್ಪು, ಎಲ್ಲದಕ್ಕೂ ಸಹಿ ಹಾಕುವ ಕೈ ಸಿಕ್ಕಿತು.

ಸಹಿ ಹಾಕಿದವರು ಓದುಬರಹ ಇಲ್ಲದವರಲ್ಲ. ಅಲ್ಲಿದ್ದದ್ದು ಪ್ಯೂರಿಟನ್ ಎಂಬ ಕ್ರೈಸ್ತ ಪಂಥ. ಇಂಗ್ಲೆಂಡಿನ ಚರ್ಚ್ ಇನ್ನೂ ಸಾಕಷ್ಟು ಶುದ್ಧವಾಗಿಲ್ಲ ಎಂದು ಜಗಳವಾಡಿ, 1630ರಲ್ಲಿ ಜಾನ್ ವಿನ್‌ಥ್ರಪ್ ಮುಂದಾಳತ್ವದಲ್ಲಿ ಹಡಗು ಹತ್ತಿ ಬಂದವರು. ಆರು ವರ್ಷಕ್ಕೆ ಹಾರ್ವರ್ಡ್ ಕಾಲೇಜು ಕಟ್ಟಿದರು. ಐವತ್ತು ಮನೆಯಿರುವ ಪ್ರತಿ ಊರೂ ಮೇಷ್ಟ್ರನ್ನು ಇಟ್ಟುಕೊಳ್ಳಬೇಕೆಂದು 1647ರಲ್ಲಿ ಕಾನೂನು ಮಾಡಿದರು. ಇವೆಲ್ಲ ಒಂದು ಕಡೆ. ಇನ್ನೊಂದು ಕಡೆ, ಬೇರೆ ಮಾತಾಡಿದವರಿಗೆ ಅಲ್ಲಿ ಜಾಗವಿರಲಿಲ್ಲ. ಮನೆಯಲ್ಲಿ ಹೆಂಗಸರನ್ನು ಸೇರಿಸಿ ಧರ್ಮದ ಚರ್ಚೆ ಮಾಡುತ್ತಿದ್ದ ಆನ್ ಹಚಿನ್ಸನ್ ಎಂಬಾಕೆಯನ್ನು ವಿಚಾರಣೆ ಮಾಡಿ 1638ರಲ್ಲಿ ಗಡಿಯಾಚೆ ಅಟ್ಟಿದರು. ಕ್ವೇಕರ್ ಪಂಥದ ನಾಲ್ವರನ್ನು 1659ರಿಂದ 1661ರೊಳಗೆ ನೇಣಿಗೆ ಹಾಕಿದರು, ಅವರಲ್ಲಿ ಮೇರಿ ಡೈಯರ್ ಎಂಬ ಹೆಂಗಸೂ ಇದ್ದಳು. ಕ್ರಿಸ್‌ಮಸ್ ಆಚರಿಸಿದರೆ ಐದು ಶಿಲ್ಲಿಂಗ್ ದಂಡ! ಬೈಬಲ್‌ನಲ್ಲಿ ಹೇಳಿಲ್ಲ, ಅದಕ್ಕೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಕಾನೂನು ಇತ್ತು.

ಇಂಥ ಜನ ದಂಗೆ ಎದ್ದರು. ಆ ದಂಗೆಯ ಕಾರಣ ಹಳ್ಳಿಯವರಾದ ನಮಗೆ ಬೇಗ ಅರ್ಥವಾಗುತ್ತದೆ. ಭೂಮಿ.

ವಸಾಹತು ತನ್ನ ಆಡಳಿತ ತಾನೇ ನಡೆಸಿಕೊಳ್ಳಲು ಇಂಗ್ಲೆಂಡಿನ ಅರಸ ಕೊಟ್ಟಿದ್ದ ಸನದು 1684ರಲ್ಲಿ ರದ್ದಾಯಿತು. 1686ರ ಕೊನೆಗೆ ಸರ್ ಎಡ್ಮಂಡ್ ಆಂಡ್ರೋಸ್ ಗವರ್ನರಾಗಿ ಬಂದ. ಚುನಾಯಿತ ಸಭೆ ಇಲ್ಲದೆಯೇ ತೆರಿಗೆ ಹಾಕಿದ. ಊರ ಸಭೆ ವರ್ಷಕ್ಕೆ ಒಂದೇ ಸಲ ಎಂದ. ಎಲ್ಲಕ್ಕಿಂತ ಹೆಚ್ಚಾಗಿ, ಐವತ್ತು ವರ್ಷದಿಂದ ಉಳುತ್ತಿದ್ದ ಹೊಲಗಳ ಪತ್ರ ಸರಿಯಿಲ್ಲ, ಶುಲ್ಕ ಕಟ್ಟಿ ಹೊಸದಾಗಿ ಮಾಡಿಸಿಕೊಳ್ಳಿ ಎಂದ. ಅಜ್ಜನ ಹೆಸರಿನಲ್ಲೇ ಉಳಿದ ಪಹಣಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. (ಆ ಹೊಲ ಅದಕ್ಕೂ ಮುಂಚೆ ಯಾರದಾಗಿತ್ತು ಎಂದು ಅಲ್ಲಿನ ಮೂಲನಿವಾಸಿಗಳನ್ನು ಕೇಳಿದರೆ ಬೇರೆಯೇ ಕಥೆ. ಆ ಲೆಕ್ಕ ಮುಂದೆ ಬರುತ್ತದೆ.)

ಇಪ್ಸ್‌ವಿಚ್ ಎಂಬ ಊರಿನ ಪಾದ್ರಿ ಜಾನ್ ವೈಸ್ 1687ರಲ್ಲಿ ಊರಸಭೆ ಸೇರಿಸಿ, ಸಭೆಯ ಒಪ್ಪಿಗೆ ಇಲ್ಲದ ತೆರಿಗೆಗೆ ನಾವು ಲೆಕ್ಕಿಗನನ್ನು ಕೊಡುವುದಿಲ್ಲ ಎಂದು ನಿಂತ. ಜೈಲಾಯಿತು, 50 ಪೌಂಡ್ ದಂಡವಾಯಿತು. ಈ ಹೆಸರು ನೆನಪಿಟ್ಟುಕೊಳ್ಳಿ.

1689ರ ಏಪ್ರಿಲ್ 18ರಂದು ಬಾಸ್ಟನ್ ಬೀದಿಗಳಿಗೆ ಬಂದೂಕು ಹಿಡಿದ ರೈತರೂ ಕುಶಲಕರ್ಮಿಗಳೂ ಇಳಿದರು. ಇಂಗ್ಲೆಂಡಿನಲ್ಲಿ ಅರಸನೇ ಬದಲಾಗುತ್ತಿದ್ದಾನೆ ಎಂಬ ಸುದ್ದಿ ಆಗ ತಾನೇ ಬಂದಿತ್ತು. ಹೆಚ್ಚು ರಕ್ತ ಹರಿಯದೆ ಆಂಡ್ರೋಸ್ ಸೆರೆಯಾದ. ಇದು ಹೆಮ್ಮೆಯ ಕಥೆಯೇ, ಅನುಮಾನವಿಲ್ಲ. ಆದರೆ ಒಳಗೆ ಒಂದು ಗಾಳಿಸುದ್ದಿಯೂ ಕೆಲಸ ಮಾಡಿತ್ತು: ಆಂಡ್ರೋಸ್ ಫ್ರೆಂಚರ ಜತೆ, ಮೂಲನಿವಾಸಿಗಳ ಜತೆ ಸೇರಿ ನಮ್ಮನ್ನೆಲ್ಲ ಮುಗಿಸಲು ಸಂಚು ಹೂಡಿದ್ದಾನೆ ಎಂದು. ಅದಕ್ಕೆ ಪುರಾವೆ ಇರಲಿಲ್ಲ. ದಂಗೆಗೆ ಅದು ಅನುಕೂಲವಾಯಿತು, ಹಾಗಾಗಿ ಪುರಾವೆಯನ್ನು ಯಾರೂ ಕೇಳಲಿಲ್ಲ.

ಗವರ್ನರ್ ಹೋದ. ಸನದು ಮಾತ್ರ ಬರಲಿಲ್ಲ. ಮೂರು ವರ್ಷ ಆ ವಸಾಹತು ಕಾನೂನಿನ ಬುಡ ಗಟ್ಟಿಯಿಲ್ಲದೆ ನಡೆಯಿತು. ಉತ್ತರದ ಗಡಿಯಲ್ಲಿ, ಮೇನ್ ಎಂಬ ಕಡೆ, ಫ್ರೆಂಚರ ಬೆಂಬಲದ ವಬನಾಕಿ ಜನರ ಜತೆ ಯುದ್ಧ. ಅದಕ್ಕೆ ಹಿನ್ನೆಲೆಯಾಗಿ 1675–76ರ ಯುದ್ಧವಿತ್ತು. ಆಗ ಮೆಟಕಾಮ್ ಎಂಬ ಮೂಲನಿವಾಸಿ ನಾಯಕನ ಮುಂದಾಳತ್ವದ ಹೋರಾಟವನ್ನು ತುಳಿದು, ಸೆರೆ ಸಿಕ್ಕವರನ್ನು ಗುಲಾಮರನ್ನಾಗಿ ಹಡಗಿನಲ್ಲಿ ಮಾರಿದ್ದರು. 1690ರಲ್ಲಿ ಫ್ರೆಂಚರ ಕ್ವಿಬೆಕ್ ಹಿಡಿಯುತ್ತೇವೆಂದು ಹೋದ ದಂಡು ಸೋತು ಬಂತು. ಸೈನಿಕರಿಗೆ ಸಂಬಳ ಕೊಡಲು ದುಡ್ಡಿಲ್ಲದೆ ಕಾಗದದ ನೋಟು ಹೊರಡಿಸಿದರು. 1692ರ ಜನವರಿಯಲ್ಲಿ ಯಾರ್ಕ್ ಎಂಬ ಊರು ಸುಟ್ಟುಹೋಯಿತು, ಹತ್ತಾರು ಜನ ಸತ್ತರು. ಗಡಿಯಿಂದ ಓಡಿಬಂದ ನಿರಾಶ್ರಿತರು ದಕ್ಷಿಣದ ಊರುಗಳ ಮನೆಗಳಲ್ಲಿ ತುಂಬಿಕೊಂಡರು. ಸೇಲಂನಲ್ಲಿ ಆಮೇಲೆ ಆರೋಪ ಹೊರಿಸಿದ ಹುಡುಗಿಯರಲ್ಲಿ ಮರ್ಸಿ ಲೂಯಿಸ್‌ಳಂಥವರು ಗಡಿಯಲ್ಲಿ ಮನೆಯವರನ್ನು ಕಳೆದುಕೊಂಡು ಬೇರೆಯವರ ಮನೆಯಲ್ಲಿ ಕೆಲಸಕ್ಕಿದ್ದವರು. ಇತಿಹಾಸಕಾರ್ತಿ ಮೇರಿ ಬೆತ್ ನಾರ್ಟನ್ 2002ರ ತಮ್ಮ ಪುಸ್ತಕದಲ್ಲಿ ಈ ಗಡಿಯುದ್ಧದ ಎಳೆ ಹಿಡಿದೇ ಸೇಲಂ ಪ್ರಕರಣವನ್ನು ವಿವರಿಸಿದ್ದಾರೆ.

ಸೇಲಂ ಹಳ್ಳಿಯ ಒಳಜಗಳಕ್ಕೆ ಬರೋಣ. ಇದು ಸೇಲಂ ಪಟ್ಟಣಕ್ಕೆ ಸೇರಿದ ಬೇಸಾಯಗಾರರ ಹಳ್ಳಿ, ಈಗಿನ ಹೆಸರು ಡ್ಯಾನ್ವರ್ಸ್. ಅಲ್ಲಿನವರಿಗೆ ತಮ್ಮ ಪಾದ್ರಿಯ ಜತೆ ಯಾವತ್ತೂ ಹೊಂದಿಕೆಯಾಗಿರಲಿಲ್ಲ. ಜಾರ್ಜ್ ಬರೋಸ್ ಎಂಬ ಪಾದ್ರಿಗೆ ಸಂಬಳ ಕೊಡದೆ, ಆತ ಬಿಟ್ಟುಹೋದ ಮೇಲೆ ಸಾಲದ ಕೇಸಿನಲ್ಲಿ ಹಿಡಿಸಿದ್ದರು. 1689ರಲ್ಲಿ ಬಂದ ಸ್ಯಾಮ್ಯುಯೆಲ್ ಪ್ಯಾರಿಸ್ ಜತೆ ಜಗಳ ಇನ್ನೂ ಜೋರು. ಸಂಬಳ, ಪಾದ್ರಿಮನೆಯ ಹಕ್ಕು, ಸೌದೆ. 1691ರ ಅಕ್ಟೋಬರಿನಲ್ಲಿ ಹೊಸದಾಗಿ ಬಂದ ಊರ ಸಮಿತಿ ಅವನ ಸಂಬಳಕ್ಕೆ ತೆರಿಗೆ ಎತ್ತುವುದಿಲ್ಲ ಎಂದಿತು. ಆ ಚಳಿಗಾಲದಲ್ಲಿ ಪಾದ್ರಿ ಮನೆಯಲ್ಲಿ ಉರಿಸಲು ಸೌದೆಗೂ ತತ್ವಾರ. ಸೈತಾನ ಒಳಗೇ ಇದ್ದಾನೆ ಎಂಬ ಧಾಟಿಯ ಬೋಧನೆ ವಾರವಾರ ನಡೆಯಿತು. ಗ್ರಾಮ ಪಂಚಾಯಿತಿ ಸಭೆ ವರದಿ ಮಾಡಿದವರಿಗೆ ಗೊತ್ತು, ಬೀದಿದೀಪದ ಬಿಲ್ಲಿನಿಂದ ಶುರುವಾದ ಜಗಳ ಎಲ್ಲಿಯವರೆಗೆ ಹೋಗಬಹುದು ಅಂತ.

ಅದೇ ಮನೆಯಲ್ಲಿ, 1692ರ ಆರಂಭದಲ್ಲಿ, ಪ್ಯಾರಿಸ್‌ನ ಒಂಬತ್ತು ವರ್ಷದ ಮಗಳು ಬೆಟ್ಟಿ ಮತ್ತು ಅವನ ನೆಂಟರ ಹುಡುಗಿ, ಹನ್ನೊಂದು ವರ್ಷದ ಅಬಿಗೇಲ್ ವಿಲಿಯಮ್ಸ್ ವಿಚಿತ್ರವಾಗಿ ಆಡತೊಡಗಿದರು. ಮೈ ತಿರುಚುವುದು, ಕಿರುಚುವುದು, ಮೇಜಿನ ಕೆಳಗೆ ನುಸುಳುವುದು. ವೈದ್ಯ ಬಂದು ಇದು ಮಾಟ ಎಂದ. ನೆರೆಮನೆಯಾಕೆ ಮೇರಿ ಸಿಬ್ಲಿ ಹೇಳಿಕೊಟ್ಟಂತೆ ಮಕ್ಕಳ ಮೂತ್ರ ಹಾಕಿ ರೈ ಹಿಟ್ಟಿನ ರೊಟ್ಟಿ ಸುಟ್ಟು ನಾಯಿಗೆ ತಿನ್ನಿಸಿದರು, ಮಾಟ ಮಾಡಿದವರು ಗೊತ್ತಾಗಲಿ ಎಂದು. ನಗಬೇಡಿ. ದೃಷ್ಟಿ ತೆಗೆದ ಮೆಣಸಿನಕಾಯಿ ಒಲೆಗೆ ಹಾಕಿ ಘಾಟು ಬಂತೋ ಇಲ್ಲವೋ ನೋಡುವ ಮನೆಯಿಂದಲೇ ನಾವೂ ಬಂದವರು.

ಇಲ್ಲಿಗೇ ನಿಂತಿದ್ದರೆ ಯಾರೂ ಸಾಯುತ್ತಿರಲಿಲ್ಲ. ಫೆಬ್ರವರಿ 29ರಂದು ನಾಲ್ವರು ಗಂಡಸರು ಹೋಗಿ ದೂರು ಕೊಟ್ಟರು, ಮ್ಯಾಜಿಸ್ಟ್ರೇಟರು ಮೂವರು ಹೆಂಗಸರ ಮೇಲೆ ವಾರೆಂಟ್ ಹೊರಡಿಸಿದರು. ಪ್ಯಾರಿಸ್ ಮನೆಯ ಗುಲಾಮ ಹೆಣ್ಣು ಟಿಟುಬಾ, ಮನೆಮನೆಗೆ ಬೇಡಿ ತಿನ್ನುತ್ತಿದ್ದ ಸಾರಾ ಗುಡ್, ಕಾಯಿಲೆ ಬಿದ್ದು ಬಹುಕಾಲದಿಂದ ಪ್ರಾರ್ಥನೆಗೆ ಬಾರದಿದ್ದ ಸಾರಾ ಆಸ್ಬಾರ್ನ್. ದಿಕ್ಕಿಲ್ಲದವರ ಹೆಸರೇ ಮೊದಲು ಬರುವುದು ಎಲ್ಲ ಕಡೆಯ ಪದ್ಧತಿ. ದೂರು ಕೊಟ್ಟ ನಾಲ್ವರಲ್ಲಿ ಥಾಮಸ್ ಪ್ರೆಸ್ಟನ್ ಎಂಬವನೊಬ್ಬ. ಅವನ ಹೆಂಡತಿಯ ತಾಯಿ ರೆಬೆಕಾ ನರ್ಸ್. ಜುಲೈನಲ್ಲಿ ನೇಣಿಗೇರಿದವರಲ್ಲಿ ಆ ಅತ್ತೆಯೂ ಇದ್ದಳು.

ಮಾರ್ಚ್ 1ರಿಂದ ಊರ ಪ್ರಾರ್ಥನಾಮಂದಿರದಲ್ಲಿ ಬಹಿರಂಗ ವಿಚಾರಣೆ. ಜಾನ್ ಹಾಥಾರ್ನ್ ಕೇಳುತ್ತಿದ್ದ ಪ್ರಶ್ನೆಗಳ ದಾಖಲೆ ಇಂದಿಗೂ ಉಳಿದಿದೆ. ನೀನು ಮಾಡಿದೆಯಾ ಎಂದು ಅವನು ಕೇಳುವುದಿಲ್ಲ. ಈ ಮಕ್ಕಳನ್ನು ಯಾಕೆ ಹಿಂಸಿಸುತ್ತೀ ಎಂದು ಕೇಳುತ್ತಾನೆ. ಇಂಥ ಪ್ರಶ್ನೆ ನಮಗೂ ಹೊಸದಲ್ಲ, ಮೈಕ್ ಹಿಡಿದು ನಾವೂ ಕೇಳಿದ್ದೇವೆ.

ನಮ್ಮನ್ನು ಹೆಚ್ಚು ಕಾಡಿದ್ದು ಬರೆದುಕೊಂಡವರ ವಿಷಯ. ಎಪ್ಪತ್ತೊಂದರ ರೆಬೆಕಾ ನರ್ಸ್‌ಳನ್ನು ಮಾರ್ಚ್ 24ರಂದು ವಿಚಾರಣೆ ಮಾಡಿದಾಗ ಹೇಳಿಕೆ ಬರೆದುಕೊಳ್ಳಲು ಕೂತವನು ಸ್ವತಃ ಪ್ಯಾರಿಸ್! ಯಾರ ಮನೆಯಿಂದ ಪ್ರಕರಣ ಹುಟ್ಟಿತೋ ಅವನೇ ವರದಿಗಾರ. ಗದ್ದಲ ಬಹಳವಾಗಿದ್ದರಿಂದ ಹಲವು ಮಾತು ಬಿಟ್ಟುಹೋಗಿವೆ ಎಂದು ಕೊನೆಯಲ್ಲಿ ಅವನೇ ಷರಾ ಬರೆದಿದ್ದಾನೆ. ಬಿಟ್ಟುಹೋದ ಮಾತು ಯಾರದ್ದಿರಬಹುದು?

ಅಲ್ಲಿ ಒಪ್ಪಿಕೊಂಡ ಸಾಕ್ಷಿ ಎಂಥದು ಎಂದು ಸ್ವಲ್ಪ ನಿಧಾನವಾಗಿ ಹೇಳಬೇಕು, ಅದು ಅರ್ಥವಾಗದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ಆರೋಪಿಯ ‘ಛಾಯೆ’ ನನ್ನ ಹತ್ತಿರ ಬಂತು, ಚಿವುಟಿತು, ಕುತ್ತಿಗೆ ಹಿಸುಕಿತು ಎಂದು ನೊಂದವಳು ಹೇಳಿದರೆ ಸಾಕು. ಆ ಹೊತ್ತಿಗೆ ಆರೋಪಿ ಮೂರು ಮೈಲಿ ದೂರ ತನ್ನ ಹಾಸಿಗೆಯಲ್ಲಿ ಮಲಗಿದ್ದಳು ಎಂದು ಇಡೀ ಮನೆ ಸಾಕ್ಷಿ ಹೇಳಿದರೂ ಪ್ರಯೋಜನವಿಲ್ಲ, ಬಂದದ್ದು ಛಾಯೆ ತಾನೇ! ಕಂಡವಳಿಗೆ ಮಾತ್ರ ಕಾಣುವ ವಸ್ತು. ಇಲ್ಲ ಎಂದು ತೋರಿಸುವ ದಾರಿಯೇ ಇಲ್ಲದ ಆರೋಪ. ಆರೋಪಿಗಳಿಗೆ ವಕೀಲರೂ ಇರಲಿಲ್ಲ.

ಒಂದು ದಾರಿ ಮಾತ್ರ ತೆರೆದಿತ್ತು, ಅದನ್ನು ಮೊದಲು ತೋರಿಸಿದವಳು ಟಿಟುಬಾ. ಅವಳು ಒಪ್ಪಿಕೊಂಡಳು. ಸೈತಾನನ ಪುಸ್ತಕ ನೋಡಿದೆ, ಅದರಲ್ಲಿ ಒಂಬತ್ತು ಗುರುತು ಇದ್ದವು ಎಂದಳು. ಮಾಲೀಕ ಹೊಡೆದು ಹೇಳಿಸಿದ ಎಂದು ಆಮೇಲೆ ಅವಳೇ ಹೇಳಿದ್ದು ದಾಖಲಾಗಿದೆ. ಗುಲಾಮಳಾದವಳಿಗೆ ಬೇರೆ ಏನು ಆಯ್ಕೆ ಇತ್ತು? ಅವಳನ್ನು ನಾವು ದೂರುವುದಿಲ್ಲ. ಆದರೆ ಒಂಬತ್ತು ಎಂದ ಮೇಲೆ ಉಳಿದವರನ್ನು ಹುಡುಕಲೇಬೇಕಲ್ಲ. ಹುಡುಕಾಟ ಸೇಲಂ ದಾಟಿ ಪಕ್ಕದ ಆ್ಯಂಡೋವರ್‌ಗೆ ಹೋಯಿತು. ಆರೋಪಿಗಳು ನೂರೈವತ್ತು ದಾಟಿದರು. ಸಾರಾ ಗುಡ್‌ಳ ನಾಲ್ಕೈದು ವರ್ಷದ ಮಗಳನ್ನೂ ಬೇಡಿ ಹಾಕಿ ತಿಂಗಳುಗಟ್ಟಲೆ ಜೈಲಿನಲ್ಲಿಟ್ಟರು.

ಕ್ರಮೇಣ ಜನರಿಗೆ ಒಂದು ವಿಷಯ ಅರಿವಾಯಿತು. ‘ಹೌದು, ನಾನು ಮಾಟಗಾತಿ’ ಎಂದು ಒಪ್ಪಿ ಇನ್ನೊಂದು ನಾಲ್ಕು ಹೆಸರು ಹೇಳಿದವರನ್ನು ಮುಂದಿನ ಸಾಕ್ಷಿಗೆಂದು ಉಳಿಸಿಕೊಳ್ಳುತ್ತಿದ್ದಾರೆ. ‘ಇಲ್ಲ’ ಎಂದವರು ನೇಣಿಗೆ ಹೋಗುತ್ತಿದ್ದಾರೆ. ಸುಮಾರು ಐವತ್ತು ಜನ ಒಪ್ಪಿಕೊಂಡರು. ನೇಣಿಗೇರಿದ ಹತ್ತೊಂಬತ್ತು ಜನರಲ್ಲಿ ಪ್ರತಿಯೊಬ್ಬರೂ ‘ಇಲ್ಲ’ ಎಂದೇ ಹೋದರು.

ಮೇ ತಿಂಗಳಲ್ಲಿ ಹೊಸ ಸನದು ಹಿಡಿದು ಹೊಸ ಗವರ್ನರ್ ಬಂದ, ಸರ್ ವಿಲಿಯಂ ಫಿಪ್ಸ್. ಕ್ವಿಬೆಕ್‌ನಲ್ಲಿ ಸೋತು ಬಂದ ದಂಡಿನ ನಾಯಕ ಇವನೇ. ಜೈಲು ತುಂಬಿರುವುದು ನೋಡಿ ವಿಶೇಷ ನ್ಯಾಯಾಲಯ ಮಾಡಿ, ಉಪ ಗವರ್ನರ್ ವಿಲಿಯಂ ಸ್ಟೌಟನ್‌ಗೆ ವಹಿಸಿದ. ಸ್ಟೌಟನ್ ಹಾರ್ವರ್ಡ್‌ನಲ್ಲಿ ಓದಿದವನು. ರೆಬೆಕಾ ನರ್ಸ್ ಪ್ರಕರಣದಲ್ಲಿ ಜ್ಯೂರಿ ಮೊದಲು ‘ನಿರ್ದೋಷಿ’ ಎಂದಿತು. ಹುಡುಗಿಯರು ಕಿರುಚಿದರು. ಸ್ಟೌಟನ್ ಜ್ಯೂರಿಗೆ ಅವಳ ಒಂದು ಮಾತು ನೆನಪಿಸಿದ. ತಪ್ಪೊಪ್ಪಿಕೊಂಡ ಹೆಂಗಸೊಬ್ಬಳು ಸಾಕ್ಷಿಗೆ ಬಂದಾಗ ರೆಬೆಕಾ ‘ಇವಳು ನಮ್ಮವಳೇ’ ಎಂಬರ್ಥದ ಮಾತು ಆಡಿದ್ದಳು. ಜತೆಯ ಕೈದಿ ಎಂದು ಅವಳ ಅರ್ಥ. ಜತೆಯ ಮಾಟಗಾತಿ ಎಂದು ಇವರ ಅರ್ಥ. ಏನಂದೆ ಎಂದು ಜ್ಯೂರಿ ಕೇಳಿತು. ಕಿವಿ ಮಂದವಾಗಿದ್ದ ಮುದುಕಿಗೆ ಪ್ರಶ್ನೆ ಕೇಳಿಸಲಿಲ್ಲ, ಸುಮ್ಮನಿದ್ದಳು. ತೀರ್ಪು ಬದಲಾಯಿತು. ಜುಲೈ 19ರಂದು ನೇಣು.

ಬಂದೂಕು ಹಿಡಿದು ಗವರ್ನರನನ್ನು ಇಳಿಸಿದ ಜನ ಎಲ್ಲಿದ್ದರು? ಬಹುಪಾಲು ಸುಮ್ಮನಿದ್ದರು. ಹೊರಗಿನವನ ವಿರುದ್ಧ ಊರೆಲ್ಲ ಒಟ್ಟಾಗಬಹುದು, ಅದಕ್ಕೆ ಧೈರ್ಯ ಬೇಕು, ಆದರೆ ಜತೆಗೆ ಊರೇ ಇರುತ್ತದೆ. ಊರೇ ಹೆದರಿಕೊಂಡಿರುವಾಗ ಊರಿಗೆ ‘ಇಲ್ಲ’ ಎನ್ನುವುದು ಬೇರೆ ಕೆಲಸ. ನಮ್ಮ ಪ್ರಕಾರ ಆ ವಸಾಹತಿನ ದೊಡ್ಡ ದಂಗೆ 1689ರದ್ದಲ್ಲ. 1692ರಲ್ಲಿ ಒಬ್ಬೊಬ್ಬರೇ ಮಾಡಿದ್ದು.

ಜಾನ್ ಪ್ರಾಕ್ಟರ್ ಎಂಬ ರೈತ ಜೈಲಿನಿಂದ ಬಾಸ್ಟನ್‌ನ ಪಾದ್ರಿಗಳಿಗೆ ಅರ್ಜಿ ಬರೆದ. ತನ್ನ ಮಗನ ಕುತ್ತಿಗೆಗೂ ಕಾಲಿಗೂ ಸೇರಿಸಿ ಕಟ್ಟಿ ಮೂಗಿನಲ್ಲಿ ರಕ್ತ ಬರುವವರೆಗೆ ಬಿಟ್ಟು ತಪ್ಪೊಪ್ಪಿಗೆ ಹೇಳಿಸಲು ನೋಡಿದರು ಎಂದು ಅದರಲ್ಲಿದೆ. ಅವನು ಬೆಳೆದ ಊರಾದ ಇಪ್ಸ್‌ವಿಚ್‌ನ ಮೂವತ್ತೆರಡು ಜನ ಅವನ ಪರ ಸಹಿ ಹಾಕಿ ಅರ್ಜಿ ಕೊಟ್ಟರು. ಆ ಸಹಿಗಳಲ್ಲಿ ಮೊದಲ ಹೆಸರು ಜಾನ್ ವೈಸ್. ಹೌದು, ತೆರಿಗೆ ವಿರೋಧಿಸಿ ಜೈಲಿಗೆ ಹೋಗಿದ್ದ ಅದೇ ಪಾದ್ರಿ. ಆ ದಿನಗಳಲ್ಲಿ ಆರೋಪಿಯ ಪರ ಸಹಿ ಎಂದರೆ ಮುಂದಿನ ವಾರೆಂಟಿಗೆ ನಾವೇ ಹೆಸರು ಕೊಟ್ಟಂತೆ. ಮೂವತ್ತೆರಡು ಜನ ಹಾಕಿದರು. ಪ್ರಾಕ್ಟರ್ ಉಳಿಯಲಿಲ್ಲ, ಆಗಸ್ಟ್ 19ರಂದು ನೇಣು. ಶರೀಫ ಬಂದು ಅವನ ಮನೆ ಸಾಮಾನು ಜಪ್ತಿ ಮಾಡುವಾಗ ಮಡಕೆಯಲ್ಲಿದ್ದ ಸಾರನ್ನೂ ಚೆಲ್ಲಿ ಮಡಕೆ ಒಯ್ದ, ಮಕ್ಕಳಿಗೆ ಏನೂ ಉಳಿಸಲಿಲ್ಲ ಎಂದು ರಾಬರ್ಟ್ ಕ್ಯಾಲೆಫ್ ಎಂಬ ಬಾಸ್ಟನ್ ವ್ಯಾಪಾರಿ ಆಮೇಲೆ ಬರೆದಿದ್ದಾನೆ. ಅದೇ ದಿನ ನೇಣಾದ ಇನ್ನೊಬ್ಬ ಜಾರ್ಜ್ ಬರೋಸ್, ಊರಿನವರು ಸಂಬಳ ಕೊಡದೆ ಕಳಿಸಿದ್ದ ಹಳೆಯ ಪಾದ್ರಿ. ಗಡಿಯ ಮೇನ್‌ನಿಂದ ಹಿಡಿದು ತಂದಿದ್ದರು.

ಗೈಲ್ಸ್ ಕೋರಿಗೆ ಎಂಬತ್ತರ ಆಸುಪಾಸು. ಇವನನ್ನು ನಾಯಕ ಮಾಡಲು ನಮಗೆ ಮನಸ್ಸಿಲ್ಲ. ಮಾರ್ಚ್‌ನಲ್ಲಿ ತನ್ನ ಹೆಂಡತಿ ಮಾರ್ಥಾಳ ವಿರುದ್ಧ ತಾನೇ ಹೇಳಿಕೆ ಕೊಟ್ಟಿದ್ದ. ಆರೋಪ ತನ್ನ ಬುಡಕ್ಕೆ ಬಂದಾಗ ಮಾತ್ರ ಈ ನ್ಯಾಯಾಲಯದ ವಿಚಾರಣೆಗೇ ಒಪ್ಪುವುದಿಲ್ಲ ಎಂದು ಬಾಯಿ ಮುಚ್ಚಿ ಕೂತ. ವಿಚಾರಣೆಗೆ ಒಪ್ಪದವನನ್ನು ಒಪ್ಪಿಸಲು ಎದೆಯ ಮೇಲೆ ಕಲ್ಲು ಹೇರುವ ಹಳೆಯ ಇಂಗ್ಲಿಷ್ ಪದ್ಧತಿ ಇತ್ತು. ಹೇರಿದರು. ಸೆಪ್ಟೆಂಬರ್ 19ರಂದು ಸತ್ತ, ಒಪ್ಪಲಿಲ್ಲ. ಮೂರು ದಿನಕ್ಕೆ ಮಾರ್ಥಾಳಿಗೂ ನೇಣು.

ಅದೇ ದಿನ ನೇಣಾದ ಎಂಟು ಜನರಲ್ಲಿ ಮೇರಿ ಈಸ್ಟಿ ಇದ್ದಳು, ರೆಬೆಕಾಳ ತಂಗಿ. ಸಾಯುವ ಮುಂಚೆ ಗವರ್ನರನಿಗೂ ನ್ಯಾಯಾಧೀಶರಿಗೂ ಅವಳು ಕೊಟ್ಟ ಅರ್ಜಿಯನ್ನು ಪತ್ರಿಕೋದ್ಯಮ ಡಿಪ್ಲೊಮಾ ತರಗತಿಯಲ್ಲಿ ಓದಿಸಬೇಕು ಎನ್ನುವುದು ನಮ್ಮ ಅಭಿಪ್ರಾಯ. ನನ್ನ ಪ್ರಾಣಕ್ಕಾಗಿ ಕೇಳುತ್ತಿಲ್ಲ, ನಾನು ಸಾಯಲೇಬೇಕೆಂದು ಗೊತ್ತು, ಇನ್ನು ಮುಂದೆ ನಿರಪರಾಧಿಗಳ ರಕ್ತ ಬೀಳದಿರಲಿ ಎಂಬುದು ಅದರ ಸಾರ. ಜತೆಗೆ ಎರಡು ಸಲಹೆ. ನೊಂದೆವು ಎನ್ನುವ ಹುಡುಗಿಯರನ್ನು ಬೇರೆ ಬೇರೆ ಇಟ್ಟು ವಿಚಾರಿಸಿ. ತಪ್ಪೊಪ್ಪಿಕೊಂಡವರಲ್ಲೂ ಕೆಲವರನ್ನು ವಿಚಾರಣೆಗೆ ಒಳಪಡಿಸಿ. ಸಾಕ್ಷಿಗಳನ್ನು ಬೇರೆ ಕೂರಿಸಿ ಕೇಳುವುದು, ಒಪ್ಪಿಕೊಂಡ ಮಾತನ್ನೂ ಪರೀಕ್ಷಿಸುವುದು. ಹಾರ್ವರ್ಡ್ ಓದಿದ ನ್ಯಾಯಾಧೀಶನಿಗೆ ಹೊಳೆಯದ್ದು ಇಲ್ಲ, ಬೇಡವಾಗಿತ್ತು. ನಮಗೂ ಆ ಸಂಜೆ ಹೊಳೆಯದ್ದಲ್ಲ. ಎರಡು ಫೋನ್ ಮಾಡಿದ್ದರೆ ಸಾಕಿತ್ತು.

ಅಕ್ಟೋಬರಿನಲ್ಲಿ ಗಾಳಿ ತಿರುಗಿತು. ಛಾಯೆಯ ಸಾಕ್ಷಿ ನಂಬಿ ಜೀವ ತೆಗೆಯುವುದು ತಪ್ಪು ಎಂದು ಹಿರಿಯ ಪಾದ್ರಿ ಇಂಕ್ರೀಸ್ ಮೇದರ್ ಬರೆದ. ಥಾಮಸ್ ಬ್ರಾಟಲ್ ಎಂಬ ವಿದ್ಯಾವಂತ ವ್ಯಾಪಾರಿಯ ಪತ್ರವೊಂದು ಆ ನ್ಯಾಯಾಲಯದ ರೀತಿಯನ್ನು ಬಿಡಿಸಿ ಬಿಡಿಸಿ ಟೀಕಿಸಿತು. ಪತ್ರಿಕೆ ಇಲ್ಲದ ಊರಲ್ಲಿ ಇಂಥ ಪತ್ರವೇ ಪತ್ರಿಕೆ. ದೊಡ್ಡವರ ಹೆಸರು ಬಂದಾಗ, ನ್ಯಾಯಾಧೀಶರೊಬ್ಬರ ಅತ್ತೆಯ ಮೇಲೆ ಆರೋಪ ಬಂದಾಗ, ಯಾಕೆ ವಾರೆಂಟ್ಹೊರಡಲಿಲ್ಲ ಎಂದೂ ಅವನು ಕೇಳಿದ್ದ. ಗವರ್ನರನ ಹೆಂಡತಿಯ ಹೆಸರೂ ಬಂದಿತ್ತೆಂದು ಆ ಕಾಲದವರೇ ಬರೆದಿದ್ದಾರೆ. ಮನಸ್ಸಾಕ್ಷಿ ಎಷ್ಟು, ಮನೆಬಾಗಿಲಿಗೆ ಬಂದ ಬಿಸಿ ಎಷ್ಟು ಎಂದು ಅಳೆಯುವುದು ಕಷ್ಟ. ಅಕ್ಟೋಬರ್ ಮುಗಿಯುವುದರೊಳಗೆ ಫಿಪ್ಸ್ ಆ ನ್ಯಾಯಾಲಯವನ್ನು ಮುಚ್ಚಿದ. 1693ರ ಜನವರಿಯಲ್ಲಿ ಹೊಸ ನ್ಯಾಯಾಲಯ ಛಾಯೆಯ ಸಾಕ್ಷಿಗೆ ಬೆಲೆ ಕೊಡಲಿಲ್ಲ. ವಿಚಾರಣೆಗೆ ಬಂದ ಐವತ್ತಕ್ಕೂ ಹೆಚ್ಚು ಜನರಲ್ಲಿ ಮೂವರಿಗೆ ಮಾತ್ರ ಶಿಕ್ಷೆಯಾಯಿತು, ಅವರೂ ಉಳಿದರು. ಅದೇ ಊರು, ಅದೇ ನಂಬಿಕೆ. ಬದಲಾದದ್ದು ಸಾಕ್ಷಿಯ ನಿಯಮ.

ಬಿಡುಗಡೆಯಾದವರು ಮನೆಗೆ ಹೋಗಲು ಜೈಲಿನ ಖರ್ಚು ಕಟ್ಟಬೇಕಿತ್ತು, ಕೈಕೋಳದ ಬೆಲೆಯೂ ಸೇರಿ. ಟಿಟುಬಾಳಿಗೆ ಪ್ಯಾರಿಸ್ ಕಟ್ಟಲಿಲ್ಲ. ಬೇರೆ ಯಾರೋ ಕಟ್ಟಿ ಅವಳನ್ನು ಕೊಂಡೊಯ್ದರು.

ಈ ವಿಷಯದ ಬಗ್ಗೆ ಪರ ವಿರೋಧ ಏನನ್ನೂ ಅಚ್ಚು ಮಾಡಬಾರದು ಎಂದು ಫಿಪ್ಸ್ ತಡೆ ಹಾಕಿದ್ದ. ಆದರೂ ನ್ಯಾಯಾಲಯದ ಪರವಾಗಿ ಇಂಕ್ರೀಸ್‌ನ ಮಗ ಕಾಟನ್ ಮೇದರ್ ಬರೆದ ಪುಸ್ತಕ ಅಚ್ಚಾಯಿತು. ಅಚ್ಚು ಹಾಕಿದವನು ಬೆಂಜಮಿನ್ ಹ್ಯಾರಿಸ್. ಸುಳ್ಳು ಹಬ್ಬಿಸುವವರ ಹೆಸರು ಬಯಲು ಮಾಡುತ್ತೇನೆ ಎಂದಿದ್ದನಲ್ಲ, ಅವನೇ. ಹೊಟ್ಟೆಪಾಡು. ಸಾಲಿಗೆ ಇಷ್ಟು ಎಂದು ಎಣಿಸಿ ದುಡ್ಡು ತಗೊಳ್ಳುವ ನಾವು ಅವನನ್ನು ಬೈಯುವ ಮುಂಚೆ ಯೋಚಿಸುತ್ತೇವೆ. ವಿರೋಧಿಸಿ ಬರೆದ ಕ್ಯಾಲೆಫ್‌ನ ಪುಸ್ತಕ 1700ರಲ್ಲಿ ಲಂಡನ್‌ನಲ್ಲಿ ಅಚ್ಚಾಗಬೇಕಾಯಿತು.

1697ರ ಜನವರಿಯಲ್ಲಿ, ನ್ಯಾಯಾಧೀಶರಲ್ಲಿ ಒಬ್ಬನಾಗಿದ್ದ ಸ್ಯಾಮ್ಯುಯೆಲ್ ಸೀವಾಲ್ ಬಾಸ್ಟನ್‌ನ ಪ್ರಾರ್ಥನಾಮಂದಿರದಲ್ಲಿ ಎಲ್ಲರೆದುರು ಎದ್ದು ನಿಂತ. ತಪ್ಪು ತನ್ನದೂ ಹೌದು ಎಂದು ಅವನು ಬರೆದುಕೊಟ್ಟ ಚೀಟಿಯನ್ನು ಪಾದ್ರಿ ಓದಿದ. ಹನ್ನೆರಡು ಜ್ಯೂರಿ ಸದಸ್ಯರೂ ಕ್ಷಮೆ ಕೇಳಿ ಸಹಿ ಹಾಕಿದರು. ಸ್ಟೌಟನ್ ಕೊನೆಯವರೆಗೂ ಕೇಳಲಿಲ್ಲ, ಹಂಗಾಮಿ ಗವರ್ನರೂ ಆದ. 1711ರಲ್ಲಿ ಕುಟುಂಬಗಳಿಗೆ ಪರಿಹಾರ ಕೊಟ್ಟು ಹೆಸರುಗಳ ಮೇಲಿನ ಕಳಂಕ ತೆಗೆದರು. ಪಟ್ಟಿಯಲ್ಲಿ ಕೆಲವರು ಬಿಟ್ಟುಹೋದರು. ಆ್ಯಂಡೋವರ್‌ನ ಎಲಿಜಬೆತ್ ಜಾನ್ಸನ್ ಎಂಬಾಕೆ ಮರುವರ್ಷ ತನ್ನ ಹೆಸರನ್ನೂ ಸೇರಿಸಿ ಎಂದು ಅರ್ಜಿ ಕೊಟ್ಟಳು. ಅದು ಆದದ್ದು 2022ರಲ್ಲಿ, ಅಲ್ಲಿನ ಶಾಲೆಯೊಂದರ ಎಂಟನೇ ತರಗತಿ ಮಕ್ಕಳು ದಾಖಲೆ ಹುಡುಕಿ ಶಾಸಕರ ಬೆನ್ನು ಹತ್ತಿದ ಮೇಲೆ.

ನಮ್ಮ ಮೂರು ಸಾಲಿನ ಸುದ್ದಿಗೆ ತಿದ್ದುಪಡಿ ಹಾಕಿ ಎಂದು ಆಗಲೇ ಡೆಸ್ಕಿಗೆ ಬರೆದಿದ್ದೆವು. ಜಾಗವಿಲ್ಲ ಎಂದರು, ಇನ್ನೊಮ್ಮೆ ನೆನಪಿಸಿದೆವು, ಆಮೇಲೆ ನಾವೂ ಬಿಟ್ಟೆವು. ಈಗ ಇಲ್ಲಿ ಹಾಕುತ್ತಿದ್ದೇವೆ. 2018ರಲ್ಲಿ ನಮ್ಮ ತಾಲ್ಲೂಕಿನಲ್ಲಿ ಮಕ್ಕಳ ಕಳ್ಳರು ಓಡಾಡುತ್ತಿದ್ದಾರೆ ಎಂದು ನಾವು ಬರೆದದ್ದು ಸುಳ್ಳು. ಯಾವ ಮಗುವೂ ಕಾಣೆಯಾಗಿರಲಿಲ್ಲ, ನಾವು ಯಾರನ್ನೂ ವಿಚಾರಿಸಿರಲಿಲ್ಲ. ಬಸ್ ನಿಲ್ದಾಣದ ಬೇವಿನ ಮರಕ್ಕೆ ಕಟ್ಟಿಸಿಕೊಂಡವರು ವರ್ಷವರ್ಷವೂ ದೀಪಾವಳಿ ಕಳೆದ ಮೇಲೆ ನಮ್ಮ ಊರುಗಳಿಗೆ ಕಂಬಳಿ ಮಾರಲು ಬರುತ್ತಿದ್ದವರು. ನಮ್ಮ ಮನೆಯಲ್ಲೂ ಅವರಿಂದ ಕೊಂಡ ಕಂಬಳಿ ಒಂದಿದೆ.